ಹರವಿ ಹೊತ್ತ ದಳವಾಯಿ

ಹತ್ತಿರ ಬನ್ನಿ ಮಕ್ಕಳೇ, ಕಿವಿಗೊಟ್ಟು ಕೇಳಿ. ನಡುವೆ ಗಲಾಟೆ ಮಾಡಿದರೆ ನಾನು ಕಥೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಕರಿಬಂಡೆ ಅಂತ ಒಂದು ರಾಜ್ಯ. ರಾಜ್ಯದಲ್ಲೊಂದು ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಕೋಟೆಯೊಳಗೊಬ್ಬ ದೊರೆ. ಎಲ್ಲ ಇತ್ತು, ಕುಡಿಯೋಕೆ ಸಿಹಿನೀರು ಮಾತ್ರ ಇರಲಿಲ್ಲ. ನೀರು ಬೇಕಂದರೆ ಒಂಬೈನೂರು ಮೆಟ್ಟಿಲು ಇಳಿದು ಬೆಟ್ಟದ ಬುಡದ ಚಿಲುಮೆಗೆ ಹೋಗಬೇಕು. ತುಂಬಿಕೊಂಡು ಮತ್ತೆ ಒಂಬೈನೂರು ಮೆಟ್ಟಿಲು ಹತ್ತಬೇಕು.

ಆ ಕೋಟೆಯಲ್ಲಿ ನಿಂಗಾಜಿ ಅನ್ನೋ ಹೆಂಗಸಿದ್ದಳು. ದಿನಾ ಅರಮನೆಗೆ ಒಂದು ದೊಡ್ಡ ಮಣ್ಣಿನ ಹರವಿ ತುಂಬ ನೀರು ತರೋದು ಅವಳ ಕೆಲಸ. ಅದರಿಂದಲೇ ಅವಳಿಗೆ ಗಂಜಿ, ಅದರಿಂದಲೇ ಕೋಟೆಯೊಳಗೆ ಒಂದು ಗುಡಿಸಲು. ಗುಡಿಸಲಲ್ಲಿ ಗಂಡ ಬೋರಣ್ಣ. ಪಾಪ, ಬಂಡೆಯಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಅವನನ್ನು ಮೆಟ್ಟಿಲಿಳಿಸಿ ಕೆಳಗೆ ಒಯ್ದರೆ ಜೀವ ಉಳಿಯೋದಿಲ್ಲ ಅಂತ ಪಂಡಿತರು ಹೇಳಿದ್ದರು.

ತುಂಬಿದ ಹರವಿಯನ್ನು ಒಬ್ಬಳೇ ಹೆಂಗಸು ತಲೆಗೆ ಏರಿಸಿಕೊಳ್ಳೋಕೆ ಆಗುತ್ತಾ? ಆಗಲ್ಲ. ಅದಕ್ಕೇ ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಹೊರೆ ಹೊರುವವರು ನಿಂತು "ಕೈ ಹಾಕಪ್ಪಾ ಶಿವನೇ!" ಅಂತ ಕೂಗೋದು. ಆ ಕೂಗು ಕೇಳಿದವರು ಯಾರೇ ಇರಲಿ, ಮಾಡೋ ಕೆಲಸ ಬಿಟ್ಟು ಬಂದು ಹೊರೆಗೆ ಕೈ ಹಾಕಬೇಕು. ಆ ಗಳಿಗೆಗೆ ಆ ಕೈ ಅವರದ್ದಲ್ಲ, ಶಿವನದ್ದು. ಹೊರೆ ಇಳಿಸುವಾಗಲೂ ಅದೇ ಕೂಗು.

ಒಂದು ದಿನ ದೊರೆ ನೀರು ಕುಡಿದು, "ನಿಂಗವ್ವಾ, ಈ ವಯಸ್ಸಲ್ಲಿ ಇಷ್ಟು ಭಾರ ಹೊತ್ತು ಬರ್ತೀಯಲ್ಲ, ನಿನಗೆ ಎಲ್ಲಿಂದ ಬಂತು ಈ ಬಲ?" ಅಂದ.

"ನಂದೆಲ್ಲಿ ಬಲ ಮಹಾಸ್ವಾಮಿ? ಎತ್ತಿಸೋನು ಅವನು. ಅವನು ಎತ್ತಿಸಿದ್ದನ್ನ ನಾನು ಹೊರ್ತೀನಿ, ಅಷ್ಟೇ."

ದೊರೆ ಪಕ್ಕದಲ್ಲಿದ್ದ ದಳವಾಯಿ ಹಂಪನಾಯಕನ ಕಡೆ ತಿರುಗಿ ನಕ್ಕ. "ಕೇಳಿದೆಯಾ ನಾಯಕಾ? ಈ ಕೋಟೆ ನಿಂತಿರೋದೇ ನನ್ನ ತೋಳಿನ ಮೇಲೆ ಅಂತ ನೀನು ದಿನಾ ಹೇಳ್ತೀಯ."

ಹಂಪನಾಯಕ ಆನೆಯ ದಂತ ಹಿಡಿದು ನಿಲ್ಲಿಸೋವಂಥ ಆಳು. ಆ ಮಾತಿಗೆ ಅವನ ಮೈಯೆಲ್ಲ ಉರಿದುಹೋಯಿತು. ನೀರು ಹೊರೋ ಹೆಂಗಸಿನ ಎದುರು ತನಗೆ ಅವಮಾನವೇ? ಕೋಟೆಯ ಕಟ್ಟುಕಟ್ಟಳೆಯೆಲ್ಲ ಅವನ ಕೈಯಲ್ಲೇ ಇತ್ತು, ದೊರೆ ಅದಕ್ಕೆ ತಲೆ ಹಾಕುತ್ತಿರಲಿಲ್ಲ. ಅವತ್ತೇ ಡಂಗುರ ಹೊಡೆಸಿದ: "ಇನ್ನು ಮೇಲೆ ಯಾರ ಹೊರೆಗೂ ಯಾರೂ ಕೈ ಹಾಕಕೂಡದು. ಅವರವರ ಹೊರೆ ಅವರವರ ಬಲದ ಮೇಲೆ. ಮಧ್ಯಾಹ್ನದ ನಗಾರಿ ಬಡಿಯೋದರೊಳಗೆ ನೀರು ತರದವರು ಸಂಸಾರ ಸಮೇತ ಕೋಟೆ ಬಿಡಬೇಕು!"

ಡಂಗುರ ಕೇಳಿದ ನಿಂಗಾಜಿ ಗುಡಿಸಲಿನ ಕಡೆ ನೋಡಿದಳು. ಕೋಟೆ ಬಿಟ್ಟರೆ ಗಂಡನ ಗತಿ?

ಮೊದಲನೇ ದಿನ. ಹರವಿ ತುಂಬಿ "ಕೈ ಹಾಕಪ್ಪಾ ಶಿವನೇ!" ಅಂದಳು. ಚಿಲುಮೆಯ ಬಳಿ ಇದ್ದವರೆಲ್ಲ ತಲೆ ತಗ್ಗಿಸಿದರು. ಅಷ್ಟರಲ್ಲಿ ದೂರದ ಸೀಮೆಯಿಂದ ಬಂದ ಒಬ್ಬ ಬಳೆಗಾರ ಆ ದಾರಿಯಲ್ಲಿ ಬಂದ. ಅವನು ಡಂಗುರ ಕೇಳಿದವನಲ್ಲ. ಹೆಗಲ ಮೇಲಿದ್ದ ಬಳೆಯ ಮಲಾರ ಇಳಿಸಿ, "ಏಳಮ್ಮಾ" ಅಂತ ಕೈ ಹಾಕಿ ಎತ್ತಿಸಿದ. ಮೇಲೆ ಅರಮನೆ ಅಂಗಳದಲ್ಲಿ ತಲೆಯೆತ್ತರದ ಹೊರೆಗಲ್ಲು ಇತ್ತು. ಅದರ ಮೇಲೆ ಹರವಿ ಜಾರಿಸಿ ಇಳಿಸಿಕೊಂಡಳು.

ಎರಡನೇ ದಿನ. ದಳವಾಯಿ ಕಾವಲಿಟ್ಟು ದಾರಿಹೋಕರನ್ನೆಲ್ಲ ಓಡಿಸಿದ. ಚಿಲುಮೆಯ ಬಳಿ ನರಪಿಳ್ಳೆ ಇಲ್ಲ. ನಿಂಗಾಜಿ ಕೂಗಿದಳು. ಕೆಸರಲ್ಲಿ ಬಿದ್ದುಕೊಂಡಿದ್ದ ಒಂದು ಮುದಿ ಎಮ್ಮೆ ಎದ್ದು ಬಂದು ಅವಳ ಮುಂದೆ ಮಂಡಿಯೂರಿ ಮಲಗಿತು. ಅದರ ಅಗಲವಾದ ಬೆನ್ನಿನ ಮೇಲೆ ಹರವಿ ಏರಿಸಿ ಹಿಡಿದುಕೊಂಡಳು. ಎಮ್ಮೆ ಮೆಲ್ಲಗೆ ಎದ್ದಿತು. ಇವಳು ಬಗ್ಗಿ ತಲೆ ಕೊಟ್ಟಳು.

ಮೂರನೇ ದಿನ. ದಳವಾಯಿ ಎಮ್ಮೆಗಳನ್ನೂ ಅಟ್ಟಿಸಿದ. ಮೆಟ್ಟಿಲ ದಾರಿಯ ಹೊರೆಗಲ್ಲು, ಅಂಗಳದ ಹೊರೆಗಲ್ಲು, ಎಲ್ಲವನ್ನೂ ಒಡೆಸಿಹಾಕಿದ. ಎಂಥ ಹೊಟ್ಟೆಯುರಿ ನೋಡಿ!

ನಿಂಗಾಜಿ ಒಂದು ಸಲ ಕೂಗಿದಳು. ಯಾರೂ ಬರಲಿಲ್ಲ. ಎರಡು ಸಲ ಕೂಗಿದಳು. ಒಂದು ಕಾಗೆಯೂ ಬರಲಿಲ್ಲ. ಬಿಸಿಲು ಏರಿತು. ಹರವಿಯ ಪಕ್ಕ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನಂಗೇನೂ ಬೇಡ ತಂದೆ. ಆ ಮುರಿದ ಸೊಂಟದವನನ್ನ ಬೀದಿಗೆ ಹಾಕಬೇಡ" ಅಂತ ಮೂರನೇ ಸಲ ಕೂಗಿದಳು. "ಕೈ ಹಾಕಪ್ಪಾ ಶಿವನೇ!"

ಹೆಜ್ಜೆ ಸದ್ದಾಯಿತು. ತಲೆ ಎತ್ತಿದರೆ ದಳವಾಯಿ ಹಂಪನಾಯಕ! ಅವಳ ಸೋಲು ಕಣ್ಣಾರೆ ನೋಡೋಕೆ ಇಳಿದು ಬಂದಿದ್ದ.

"ಎಲ್ಲಮ್ಮಾ ನಿನ್ನ ಶಿವ? ಬರಲಿಲ್ವಾ?"

ನಿಂಗಾಜಿ ಅವನನ್ನೇ ನೋಡಿದಳು. ನೋಡ್ತಾ ನೋಡ್ತಾ ಅವಳ ಅಳು ನಿಂತಿತು. "ಮೊನ್ನೆ ಬಳೆಗಾರನ್ನ ಕಳಿಸಿದ ಬುದ್ಧಿ. ನಿನ್ನೆ ಎಮ್ಮೆನ ಕಳಿಸಿದ. ಇವತ್ತು ಯಾರನ್ನ ಕಳಿಸ್ತಾನೋ ಅಂತ ಕಾಯ್ತಿದ್ದೆ. ನೀವು ಬಂದ್ರಿ."

"ನಾನು ನಿನಗೆ ಎತ್ತಿಸಬೇಕಾ? ಸತ್ತರೂ ಇಲ್ಲ!"

"ಬೇಡಿ ಬುದ್ಧಿ. ಎತ್ತಿಸಬೇಡಿ. ಆದ್ರೆ ಇಷ್ಟು ದೊಡ್ಡ ಹರವಿ ಯಾರ ಕೈಯೂ ಇಲ್ದೆ ಮೇಲೆ ಒಯ್ದು ಇಳಿಸೋದು ನಿಮ್ಮಂಥೋರಿಗೂ ಆಗುತ್ತಾ ಅಂತ ನಂಗೆ ಅನುಮಾನ."

"ಅನುಮಾನವಾ? ನನ್ನ ಮೇಲೆ?"

"ನಗಾರಿಯೊಳಗೆ ಅಂಗಳದಲ್ಲಿ ಹರವಿ ಒಡೆಯದ ಹಾಗೆ ಇಳಿಸಿಬಿಡಿ. ಇವತ್ತೇ ಕೋಟೆ ಬಿಡ್ತೀನಿ. ಆಗದಿದ್ರೆ ನಿಮ್ಮ ಡಂಗುರ ಹಿಂದಕ್ಕೆ ತಗೊಳ್ಳಿ."

ಹಂಪನಾಯಕ ಒಂದೇ ಏಟಿಗೆ ಹರವಿ ಎತ್ತಿ ತಲೆ ಮೇಲಿಟ್ಟುಕೊಂಡ. ಧಡಧಡ ಹತ್ತಿದ. ಮುನ್ನೂರು ಮೆಟ್ಟಿಲಿಗೆ ಬೆವರು ಕಿತ್ತುಬಂತು. ಆರುನೂರು ಮೆಟ್ಟಿಲಿಗೆ ಮಂಡಿ ನಡುಗಿತು. ಸುಧಾರಿಸಿಕೊಳ್ಳೋಣವೆಂದರೆ ಹೊರೆಗಲ್ಲು ಎಲ್ಲಿ? ಒಂಬೈನೂರು ಹತ್ತಿ ಅಂಗಳ ಸೇರುವಾಗ ತೋಳುಗಳು ಮರಗಟ್ಟಿಹೋಗಿದ್ದವು. ಹಿಂದೆ ನಿಂಗಾಜಿ ಬರಿಗೈಯಲ್ಲಿ ನಡೆದು ಬಂದಳು.

ಇಳಿಸೋಕೆ ನೋಡಿದ. ಹರವಿ ಹೊರಳಿತು. ಇನ್ನೊಮ್ಮೆ ನೋಡಿದ. ಕುತ್ತಿಗೆ ಕಳಕ್ಕೆಂದಿತು. ಮೂರನೇ ಸಲಕ್ಕೆ ಕಾಲೇ ಕುಸಿಯೋಕೆ ಬಂತು. "ಬನ್ರೋ, ಹಿಡ್ಕೊಳ್ರೋ!" ಅಂತ ಕಾವಲಿನವರ ಮೇಲೆ ಗದರಿದ. ಅವರು ಕೈಕಟ್ಟಿ ನಿಂತು, "ಯಾರೂ ಕೈ ಹಾಕಕೂಡದು ಅಂತ ತಮ್ಮದೇ ಅಪ್ಪಣೆ" ಅಂದರು. ದೊರೆ ಮಹಡಿಯಿಂದ ನೋಡುತ್ತಿದ್ದ.

ಅಷ್ಟು ಜನರ ನಡುವೆ ಆ ದೊಡ್ಡ ಆಳು ಒಬ್ಬನೇ ನಿಂತಿದ್ದ. ಹುಟ್ಟಿದಾಗಿನಿಂದ ಯಾರನ್ನೂ ಬೇಡದ ಬಾಯಿ ಅದು. ಕಣ್ಣಲ್ಲಿ ನೀರು ಬಂತು. ಕೊನೆಗೆ ಮಗುವಿನ ದನಿಯಲ್ಲಿ ಕೂಗಿದ:

"ಕೈ ಹಾಕಪ್ಪಾ... ಶಿವನೇ!"

ಮೊದಲು ಓಡಿದ್ದು ಯಾರು? ನಿಂಗಾಜಿ! ಹಿಂದೆಯೇ ಕಾವಲಿನವರು, ಹಿಂದೆಯೇ ಮಹಡಿಯಿಳಿದು ದೊರೆ. ಹರವಿ ನೆಲಕ್ಕೆ ಕೂತಿತು. ಆಗಲೇ ನಗಾರಿ ಬಡಿಯಿತು.

ಹಂಪನಾಯಕ ಅಲ್ಲೇ ಕುಸಿದು ಕೂತ. "ನಿನಗೆ ಇಷ್ಟು ಕಾಟ ಕೊಟ್ಟೆ. ನೀನೇ ಕೈ ಹಾಕಿದೆಯಲ್ಲ ತಾಯಿ" ಅಂದ.

"ನನ್ನ ಕೈ ಅಲ್ಲ ಬುದ್ಧಿ" ಅಂತ ನಿಂಗಾಜಿ ಬೊಗಸೆ ತುಂಬ ನೀರು ಮೊಗೆದು ಅವನಿಗೇ ಮೊದಲು ಕುಡಿಸಿದಳು. "ಇವತ್ತು ಅರಮನೆಗೆ ನೀರು ತಂದದ್ದೂ ನೀವಲ್ಲ."

ಆಗ ಅವನಿಗೆ ಹೊಳೆಯಿತು. ಮೂರನೇ ಕೂಗಿಗೆ ಶಿವ ಕಳಿಸಿದ ಆಳು ತಾನೇ! ಅವತ್ತೇ ಡಂಗುರ ಹಿಂದಕ್ಕೆ ತೆಗೆದುಕೊಂಡ. ಒಡೆಸಿದ ಹೊರೆಗಲ್ಲುಗಳನ್ನೆಲ್ಲ ಮತ್ತೆ ನಿಲ್ಲಿಸಿದ, ಒಂದೊಂದಕ್ಕೂ ನಾಲ್ಕು ಜನರ ಕೈ ಕೇಳಿಕೊಂಡು. ಬೋರಣ್ಣ ತನ್ನ ಗುಡಿಸಲಲ್ಲೇ ಉಳಿದ.

ಕೇಳಿದಿರಾ ಮಕ್ಕಳೇ? ತನ್ನ ಬಲವನ್ನೇ ನಂಬಿದವನು ಆ ಬಲ ಸೋತ ಗಳಿಗೆಯಲ್ಲಿ ಒಬ್ಬಂಟಿಯಾಗ್ತಾನೆ. ದೇವರ ಬಲ ನಂಬಿ ದಿನದಿನವೂ ಕೇಳಿಕೊಂಡವರಿಗೆ ಅದು ಯಾರ ಕೈಯಿಂದಾದರೂ ಬರುತ್ತೆ, ಹಗೆಯ ಕೈಯಿಂದಲಾದರೂ ಸರಿ. ನಾವು ಕೂಗೋಕೆ ನಾಚಬಾರದು, ಕೂಗು ಕೇಳಿದಾಗ ಕೂತಿರಲೂಬಾರದು.

ಸರಿ, ಕಥೆ ಮುಗೀತು. ಬಚ್ಚಲ ಹತ್ತಿರ ಆ ಕೊಡ ನೋಡಿ, ತುಂಬಿದೆ, ನನ್ನ ಕೈಲಿ ಎತ್ತೋಕಾಗಲ್ಲ. ಕೈ ಹಾಕಪ್ಪಾ ಶಿವನೇ!