ಉದುರಿದ ಕೊಂಬು

ಮಡುವಿನ ಹೆಬ್ಬಾವಿಗೆ ಕಣ್ಕಟ್ಟು ವಿದ್ಯೆ ಗೊತ್ತೆಂದು ಕಾಡಿಗೆ ಕಾಡೇ ನಡುಗುತ್ತಿತ್ತು. ಅದು ದಿಟ್ಟಿಸಿದರೆ ಸಾಕು, ಎಳೆಯ ಮರಿಗಳು ತಾವಾಗಿಯೇ ಅದರ ಬಾಯಿಯತ್ತ ನಡೆದುಬಿಡುತ್ತಿದ್ದವು. ಅದಕ್ಕೆ ಬಗ್ಗದವನೆಂದರೆ ಕಡವೆಗಳ ಹಿಂಡನ್ನು ಕಾಯುತ್ತಿದ್ದ ಕವಲುಗೊಂಬಿನ ಗಂಡು ಕಡವೆಯೊಬ್ಬನೇ.

ಒಂದು ಬೇಸಿಗೆಯ ಬೆಳಿಗ್ಗೆ ಹಾವು ಹಿಂಡಿನ ಮರಿಯೊಂದನ್ನು ದಿಟ್ಟಿಸಿತು. ಮರಿ ಮಂಕು ಹಿಡಿದಂತೆ ಅದರತ್ತ ನಡೆಯಿತು. ಕಡವೆ ಅಡ್ಡ ಬಂದು ತಲೆ ತಗ್ಗಿಸಿದ್ದೇ ತಡ, ಅವನ ಎರಡು ಕೊಂಬೂ ಕಳಚಿ ನೆಲಕ್ಕೆ ಬಿದ್ದವು.

"ಕಂಡಿರಾ ನನ್ನ ಮಂತ್ರದ ಮಹಿಮೆ!" ಎಂದು ಹಾವು ಬುಸುಗುಟ್ಟಿತು.

"ಅಯ್ಯೋ, ಕೊಂಬೇ ಹೋದ ಮೇಲೆ ಇವನಿಂದ ಏನಾದೀತು?" ಎಂದು ಹಿಂಡು ಹಿಂದೆ ಸರಿಯಿತು.

ಕಡವೆಗೆ ಮೈಯೆಲ್ಲ ಉರಿದುಹೋಯಿತು. "ವರ್ಷವರ್ಷವೂ ತಾನಾಗಿ ಉದುರುವ ಕೊಂಬಿಗೆ ನಿನ್ನ ಮಂತ್ರ ಬೇರೆ ಕೇಡು!" ಎಂದವನೇ ಹಾವಿನ ನೆತ್ತಿಯ ಮೇಲೆ ಗೊರಸು ಅಪ್ಪಳಿಸಿದ. ಹಾವು ಅವನ ಕಾಲಿಗೆ ಬಾಯಿ ಹಾಕಿತು. ಅವನು ಬಿಡದೆ ತುಳಿದ. ಕೊನೆಗೆ ಅದು ಸೋತು ಮಡುವಿನೊಳಕ್ಕೆ ಜಾರಿಕೊಂಡಿತು. ಮರಿ ಎಚ್ಚೆತ್ತು ತಾಯಿಯ ಬಳಿಗೆ ಓಡಿತು.

ಕಡವೆ ಕುಂಟುತ್ತ ತಿರುಗಿ ನೋಡಿದರೆ, ಬಿದ್ದ ಕೊಂಬುಗಳ ಸುತ್ತ ಇಡೀ ಹಿಂಡು ಮೊಣಕಾಲೂರಿ ಕೂತಿತ್ತು.

"ನೆಲಕ್ಕೆ ಬಿದ್ದರೂ ಎಂಥ ಶಕ್ತಿ! ಹಾವು ಇವಕ್ಕೆ ಹೆದರಿಯೇ ಓಡಿಹೋಯಿತು," ಎನ್ನುತ್ತಿದ್ದಳು ಆ ಮರಿಯ ತಾಯಿ.

ಕಡವೆ ರಕ್ತ ಸೋರುವ ಕಾಲನ್ನು ನೆಲಕ್ಕೆ ಬಡಿದ.

"ಆಗಲಿ. ನಾಳೆ ಹಾವು ಬಂದಾಗ ನನ್ನನ್ನು ಕೂಗಬೇಡಿ. ಈ ಕೊಂಬುಗಳನ್ನೇ ಎಬ್ಬಿಸಿ ಕಳಿಸಿ."