ಪಂಪಿಗೆ ಬಿದ್ದ ಸಾಹೇಬರ ಸೀಲು

ಬೋಟು ಮೆಕ್ಯಾನಿಕ್ ಪುರಂದರ ಖಾರ್ವಿ ಕಿವಿಯಿಟ್ಟರೆ ಸಾಕು, ಎಂಜಿನ್ನು ತಾನಾಗಿಯೇ ತನ್ನ ಕಾಯಿಲೆ ಹೇಳುತ್ತಿತ್ತು. ಬಂದರು ಕಚೇರಿಯ ಬೋಟು ಹೇಳಿದ್ದಿಷ್ಟು: "ಪಂಖ ತಿರುಗಿಸುವ ಹಿಂಬದಿಯ ಡ್ರೈವಿನಲ್ಲಿ ನೀರಿನ ಪಂಪಿನ ಸೀಲು ಸವೆದಿದೆ ಮಾರಾಯ. ತಣ್ಣೀರು ಮೇಲೆ ಬಾರದಿದ್ದರೆ ನಾನು ಸುಟ್ಟೇ ಹೋದೆ."

ಪುರಂದರ ಹೊಸ ಸೀಲಿಗೆ ಅರ್ಜಿ ಕೊಟ್ಟ. ಕಚೇರಿಯ ಮುಖ್ಯಸ್ಥ ಚಿದಂಬರಯ್ಯ ಸಾಹೇಬರು ಅದರ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದರು: "ಕಚೇರಿಯಲ್ಲಿ ಸೀಲು ಇದೆ. ಅದನ್ನೇ ಬಳಸತಕ್ಕದ್ದು."

"ಸಾಹೇಬ್ರೇ, ಇದು ಠಸ್ಸೆ ಒತ್ತುವ ಸೀಲಲ್ಲ. ನೀರು ಸೋರದ ಹಾಗೆ ಹಿಡಿಯುವ ರಬ್ಬರು."

"ನಮ್ಮದೂ ರಬ್ಬರೇ! ನನಗೇ ಪಾಠ ಹೇಳ್ತೀಯಾ? ನಾಳೆ ದೊಡ್ಡ ಸಾಹೇಬರು ಹೊಳೆಯ ಆಚೆ ದಡಕ್ಕೆ ಬರ್ತಾರೆ. ನನ್ನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸದಿದ್ದರೆ ನಿನ್ನ ಕೆಲಸ ಹೋಯಿತು!"

ಮರುದಿನ ಬೋಟು ಓಡಿತು ನೋಡಿ, ಮೇಲೆ ಹಾರುತ್ತಿದ್ದ ಹದ್ದು ಹಿಂದೆ ಬಿತ್ತು! ಆಚೆ ದಡದಲ್ಲಿ ದೊಡ್ಡ ಸಾಹೇಬರು ಕಾಗದ ಚಾಚಿದರು. "ಇಲ್ಲೊಂದು ಸೀಲು ಒತ್ತಿ."

ಚಿದಂಬರಯ್ಯ ಚೀಲದಿಂದ ಸೀಲು ತೆಗೆದು ಗತ್ತಿನಿಂದ ಒತ್ತಿದರು. ಬರೀ ಮರದ ಗುರುತು ಬಿತ್ತು. ತಿರುಗಿಸಿ ನೋಡಿದರೆ ರಬ್ಬರೇ ಇಲ್ಲ!

"ಎಲ್ಲೋ ಇದರ ರಬ್ಬರು?"

"ಪಂಪಿನೊಳಗೆ ಸಾಹೇಬ್ರೇ. ನಿಮ್ಮದೇ ಅಪ್ಪಣೆ." ಪುರಂದರ ಕೆಂಪು ಶಾಯಿಯ ಅರ್ಜಿ ಬಿಚ್ಚಿ ಹಿಡಿದ. ದೊಡ್ಡ ಸಾಹೇಬರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಗಲೇ ಬಿಚ್ಚಿ ಕೊಡು!" ಚಿದಂಬರಯ್ಯ ಗುಡುಗಿದರು.

"ಕೊಡ್ತೇನೆ. ವಾಪಸು ಈಜಿಕೊಂಡು ಬರ್ತೀರಾ?"

ಚಿದಂಬರಯ್ಯ ಅಲ್ಲೇ ನಿಂತು ಎರಡು ಹೊಸ ಸೀಲಿನ ಅರ್ಜಿಗೆ ಸಹಿ ಹಾಕಿದರು, ಪಂಪಿಗೊಂದು, ಕಚೇರಿಗೊಂದು. ಆ ದಿನ ಹೊಳೆಯಲ್ಲಿ ಸಿಕ್ಕ ಮೀನುಗಳ ಬೆನ್ನ ಮೇಲೆಲ್ಲ, ಪಂಪು ಉಗುಳಿದ ನೀರು ತಾಗಿ, ಕಚೇರಿಯ ದುಂಡು ಠಸ್ಸೆ ಇತ್ತು. ತಿಂದವರು ಇನ್ನೂ ಇದ್ದಾರೆ, ಬೇಕಾದರೆ ಕೇಳಿ.