ಕಥೆಯ ನಡುವೆ ಎದ್ದ ಮಗು: ಹರಿನೀರ ಗೌರಿಯ ವ್ರತ

ದೀಪದ ಬತ್ತಿ ಮುಂದಕ್ಕೆ ಮಾಡಿ, ಕೈಯಲ್ಲಿ ಅಕ್ಷತೆ ಹಿಡಿದು ಕೂತುಕೊಳ್ಳಿ ತಾಯಂದಿರಾ. ಅಡುಗೆಮನೆಯ ಚಿಂತೆ ಅಲ್ಲೇ ಇರಲಿ, ಪಾಯಸ ಎಲ್ಲಿಗೂ ಓಡಿಹೋಗುವುದಿಲ್ಲ. ಹರಿನೀರ ಗೌರಿಯ ಮಹಿಮೆ ಹೇಳುತ್ತೇನೆ, ಕೇಳಿ.

ಕುಂದಾವತಿಯೆಂಬ ಪಟ್ಟಣದಲ್ಲಿ ಬೆಲ್ಲದ ವ್ಯಾಪಾರಿಯೊಬ್ಬನ ಹೆಂಡತಿ ಸರ್ವಮಂಗಳೆಯೆಂಬವಳಿದ್ದಳು. ಅವಳ ಮಡಿಯೆಂದರೆ ಮಡಿ, ವ್ರತವೆಂದರೆ ವ್ರತ. ಊರಿನ ಹೆಂಗಸರು ಅವಳನ್ನು ಕೇಳದೆ ಕಲಶಕ್ಕೆ ಕಾಯಿ ಇಡುತ್ತಿರಲಿಲ್ಲ. ಅದರಿಂದ ಅವಳಿಗೂ ಸ್ವಲ್ಪ ತಲೆ ತಿರುಗಿತ್ತು ಅನ್ನಿ. ಅವಳಿಗೆ ಒಬ್ಬಳೇ ಮಗಳು, ಹೈಮವತಿ, ಇನ್ನೂ ಹಾಲುಹಲ್ಲಿನ ಕೂಸು. ಪೂಜೆಗೆ ಕೂತ ಮಗು "ಅಮ್ಮಾ, ಒಂದಕ್ಕೆ" ಎಂದು ಕಿರುಬೆರಳೆತ್ತಿದರೆ, ತಾಯಿ ಕಣ್ಣು ದೊಡ್ಡದು ಮಾಡಿ, ಕಥೆಯ ನಡುವೆ ಎದ್ದರೆ ವ್ರತ ಕೆಡುತ್ತದೆಂದು ಗದರಿಸಿ ಕೂರಿಸುವಳು. ಮಗು ಕಾಲಿಗೆ ಕಾಲು ಹೆಣೆದು, ತುಟಿ ಕಚ್ಚಿ, ಮಂಗಳಾರತಿಯವರೆಗೂ ತಡೆದುಕೊಂಡಿರುವುದು. ನಗಬೇಡಿ, ನಮ್ಮ ಮನೆಗಳಲ್ಲಿ ನಡೆಯದ್ದೇನಲ್ಲ.

ಹೀಗಿರಲು ಮಗುವಿಗೆ ಜ್ವರ ಬಂತು. ಕೆಮ್ಮಿಲ್ಲ, ನೆಗಡಿಯಿಲ್ಲ, ಮೈ ಮಾತ್ರ ಕೆಂಡ. ದೃಷ್ಟಿಯಾಗಿದೆಯೆಂದು ಸರ್ವಮಂಗಳೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಅಂಗಡಿಯ ಜ್ವರದ ಮಾತ್ರೆ ನುಂಗಿಸಿದಳು. ಜ್ವರ ಇಳಿಯಿತು. ಮತ್ತೆ ಬಂತು, ಮತ್ತೆ ನಿವಾಳಿಸಿದಳು, ಮತ್ತೆ ಇಳಿಯಿತು. ಇಳಿಯಿತಲ್ಲ, ಇನ್ನೇನು ಬೇಕು ಎಂದು ಅವಳು ನೆಮ್ಮದಿಯಾಗಿದ್ದಳು. ಮಗು ಮಾತ್ರ ಅನ್ನ ಸೇರದೆ, ಮೈ ತುಂಬದೆ, ಒಂದಕ್ಕೆ ಹೋದಾಗಲೆಲ್ಲ ಉರಿ ಉರಿಯೆಂದು ಅಳುತ್ತ ಸೊರಗಿತು.

ಇದನ್ನು ಕಂಡು ಮರುಗಿದ ಗೌರಿದೇವಿಯು ಮುದಿ ಮುತ್ತೈದೆಯ ರೂಪದಿಂದ ವ್ರತದ ಊಟಕ್ಕೆ ಬಂದಳು. ಎಲೆಯ ಮುಂದೆ ಕೂತವಳು ಅನ್ನ ಮುಟ್ಟದೆ, ಈ ಮಗುವಿನ ಜ್ವರ ಎಲ್ಲಿಂದ ಬಂತು ಎಂದು ಕೇಳಿದಳು. ದೃಷ್ಟಿಯಿಂದ ಎಂದಳು ಸರ್ವಮಂಗಳೆ. ಯಾರ ದೃಷ್ಟಿ? ತಿಳಿಯದು. ಮೂಗು ಸೋರದೆ, ಗಂಟಲು ಕಟ್ಟದೆ ಜ್ವರ ಬರುವುದು ಹೇಗೆ? ಅದೂ ತಿಳಿಯದು. "ಹಾಗಾದರೆ ತಿಳಿದವರನ್ನು ಕೇಳಿಕೊಂಡು ಬಾ. ಅಲ್ಲಿಯವರೆಗೆ ನಾನು ಉಣ್ಣುವವಳಲ್ಲ" ಎಂದು ಕೂತೇಬಿಟ್ಟಳು. ಮನೆಗೆ ಬಂದ ಮುತ್ತೈದೆ ಉಪವಾಸ ಕೂತರೆ ಹೇಗಾದೀತು ಹೇಳಿ! ಸರ್ವಮಂಗಳೆ ಮಗುವನ್ನು ಸೊಂಟಕ್ಕೆತ್ತಿಕೊಂಡು ಮಕ್ಕಳ ಡಾಕ್ಟರಮ್ಮನಲ್ಲಿಗೆ ಓಡಿದಳು.

ಡಾಕ್ಟರಮ್ಮ ಮಗುವನ್ನು ದಿನಗಟ್ಟಲೆ ಆಸ್ಪತ್ರೆಯಲ್ಲೇ ಇರಿಸಿಕೊಂಡು, ಮೂತ್ರ ಪರೀಕ್ಷಿಸಿ, ಸ್ಕ್ಯಾನಿಂಗ್ ಮಾಡಿಸಿ, ಮುಂದಿನ ಪರೀಕ್ಷೆಗಳನ್ನೂ ಮುಗಿಸಿ, ಸರ್ವಮಂಗಳೆಯನ್ನು ಕೂರಿಸಿಕೊಂಡು ಹೇಳಿದಳು: ಮೂತ್ರಪಿಂಡದಿಂದ ಮೂತ್ರಚೀಲಕ್ಕಿಳಿದ ನೀರು ತಿರುಗಿ ಮೇಲೇರಬಾರದು. ಈ ಮಗುವಿಗೆ ಹುಟ್ಟಿನಿಂದಲೇ ಅಲ್ಲಿನ ಬಾಗಿಲು ಸರಿಯಾಗಿ ಮುಚ್ಚದು, ಅದು ಯಾರ ತಪ್ಪೂ ಅಲ್ಲ. ಆದರೆ ತಡೆದು ತಡೆದು ಕೂತರೆ ಸೋಂಕಿಗೆ ಹಬ್ಬ, ಸೋಂಕಾದ ಮೂತ್ರ ಹಿಂದಕ್ಕೆ ಹತ್ತಿದರೆ ಮೂತ್ರಪಿಂಡಕ್ಕೆ ಕೇಡು. ಬಂದುಹೋದ ಜ್ವರಗಳಿಂದ ಒಂದು ಮೂತ್ರಪಿಂಡದಲ್ಲಿ ಕಲೆ ಬಿದ್ದುಬಿಟ್ಟಿದೆ, ಅದಿನ್ನು ಮಾಸದು. ಇನ್ನೊಂದು ಚೆನ್ನಾಗಿದೆ, ಅದನ್ನು ಕಾಪಾಡಿಕೊಳ್ಳಬೇಕು. ಅಸಡ್ಡೆ ಮಾಡಿದರೆ ದೊಡ್ಡವಳಾಗುವ ಹೊತ್ತಿಗೆ ಬಿ.ಪಿ. ಏರಿ, ಎರಡೂ ಸೋಲಬಹುದು.

ಸರ್ವಮಂಗಳೆಗೆ ಎದೆ ಒಡೆದಂತಾಯಿತು. ಅಯ್ಯೋ, ನನ್ನ ಮಡಿಗೆ ಬೆಂಕಿ ಬೀಳಲಿ ಎಂದು ಅಳುತ್ತ ಮನೆಗೆ ಬಂದು ನೋಡಿದರೆ, ಎಷ್ಟೋ ದಿನ ಕಳೆದಿದ್ದರೂ ಎಲೆಯ ಮೇಲಿನ ಅನ್ನ ಹಬೆಯಾಡುತ್ತಿತ್ತು. ಎಲೆಯ ಮುಂದೆ ಕೂತ ಮುತ್ತೈದೆ ಯಾರೆಂದು ಆಗ ಅರಿತು, ಅವಳ ಕಾಲಿಗೆ ಬಿದ್ದಳು. ದೇವಿಯು, ತಡೆದಿಟ್ಟ ನೀರು ತನಗೆ ನೈವೇದ್ಯವಲ್ಲವೆಂದು ಹೇಳಿ, ವ್ರತದ ವಿಧಿ ತಿಳಿಸಿದಳು. ಕಾರಣ ಕಾಣದ ಜ್ವರ ಬಂದರೆ ತಡಮಾಡದೆ ಮೂತ್ರ ತೋರಿಸಬೇಕು. ವೈದ್ಯರು ಕೊಟ್ಟ ಔಷಧಿಯನ್ನು ಮಗು ಗೆಲುವಾಯಿತೆಂದು ನಡುವೆ ಬಿಡಬಾರದು. ನೀರು ಕುಡಿಸಬೇಕು, ಮಲ ಕಟ್ಟದಂತೆ ನೋಡಿಕೊಳ್ಳಬೇಕು. ಕಥೆಯ ನಡುವೆ ಮಗು ಎದ್ದರೆ ಕಥೆಯೇ ಕಾಯಬೇಕು. ಹೀಗೆಂದು ಹೊಟ್ಟೆತುಂಬ ಉಂಡು ಮಾಯವಾದಳು.

ಅಗೋ, ನಮ್ಮ ಪುಟ್ಟಿಯೂ ಏಳುತ್ತಿದ್ದಾಳೆ. ಹೋಗು ಕಂದಾ, ಅವಸರ ಮಾಡಬೇಡ, ಪೂರ್ತಿ ಮಾಡಿಯೇ ಬಾ. ಗೌರಿ ಎಲ್ಲೂ ಹೋಗುವುದಿಲ್ಲ, ನಾವೂ ಹೋಗುವುದಿಲ್ಲ... ಬಂದೆಯಾ? ಕೂತುಕೊ.

ಸರ್ವಮಂಗಳೆ ದೇವಿ ಹೇಳಿದಂತೆ ನಡೆದಳು. ಮಗಳು ಬೆಳೆದಂತೆ ಆ ಬಾಗಿಲೂ ಬಲಿತು ಮುಚ್ಚಿತು, ಜ್ವರಗಳು ನಿಂತವು. ವರ್ಷ ವರ್ಷವೂ ಬಿ.ಪಿ. ನೋಡಿಸಿ, ಮೂತ್ರ ತೋರಿಸಿಕೊಂಡು ಹೈಮವತಿ ದೊಡ್ಡವಳಾದಳು. ಗರ್ಭಿಣಿಯಾದಾಗ ನಾಚದೆ, ಮುಚ್ಚಿಡದೆ ವೈದ್ಯರಿಗೆ ಎಲ್ಲ ಹೇಳಿ, ಅವರ ಆರೈಕೆಯಲ್ಲಿ ಸುಖವಾಗಿ ಹೆತ್ತಳು. ಬಾಣಂತನದಲ್ಲಿ ಒಂದು ದಿನ ತಾಯಿಯನ್ನು ಕೇಳಿದಳು: "ಅಮ್ಮಾ, ಮೊದಲ ಜ್ವರಕ್ಕೇ ನನ್ನನ್ನು ತೋರಿಸಿದ್ದರೆ ಆ ಕಲೆ ಬೀಳುತ್ತಿರಲಿಲ್ಲವೇ?" ಊರಿಗೆಲ್ಲ ವಿಧಿ ಹೇಳುತ್ತಿದ್ದ ಸರ್ವಮಂಗಳೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೀಳುತ್ತಿರಲಿಲ್ಲವೇನೋ ಮಗಳೇ" ಎಂದಳು. ಹಾಗಾದರೆ ನೀನು ಹೇಳುವ ವ್ರತದ ಕಥೆಯಲ್ಲಿ ಅದನ್ನೂ ಹೇಳಮ್ಮ ಎಂದಳು ಮಗಳು. ಅಂದಿನಿಂದ ಅದನ್ನು ಬಿಟ್ಟು ಈ ಕಥೆ ಓದುವಂತಿಲ್ಲ.

ಅಮ್ಮಾ ಹರಿನೀರ ಗೌರೀ, ಹೈಮವತಿಗೆ ಒಂದು ಮೂತ್ರಪಿಂಡವನ್ನು ಉಳಿಸಿಕೊಟ್ಟೆ. ಇದನ್ನು ಹೇಳಿದವರ, ಕೇಳಿದವರ, ನಡುವೆ ಎದ್ದುಹೋಗಿ ಬಂದವರ ಮನೆಯ ಮಕ್ಕಳಿಗೆ ಎರಡನ್ನೂ ಉಳಿಸಿಕೊಡು ತಾಯೀ.